ಕೇಸ್ ಶೀಟ್ ಓದಿ ಐಸಿಡಿ ಕೋಡ್ ಹಾಕುವವರು ಸ್ವಲ್ಪ ಹೇಳಿ

ಕೇಳಿದ್ದು, ತುಮಕೂರಿನಿಂದ: ನರ್ಸಿಂಗ್ ಹೋಮ್ ಒಂದರ ರೆಕಾರ್ಡ್ಸ್ ವಿಭಾಗಕ್ಕೆ ಹೊಸದಾಗಿ ಸೇರಿದ್ದೇನೆ. ಕೇಸ್ ಶೀಟ್ ನೋಡಿ, ಪ್ರತಿ ಕಾಯಿಲೆಗೂ ಡಬ್ಲ್ಯುಎಚ್‌ಒದ ಪಟ್ಟಿಯಲ್ಲಿರುವ ಐಸಿಡಿ-10 ಕೋಡ್ ಹಾಕಬೇಕು. ಡಾಕ್ಟರ್‌ಗಳು ಅರ್ಧ ಸಾಲು ಗೀಚಿರುತ್ತಾರೆ. ನೀವೆಲ್ಲ ಹೇಗೆ ಮಾಡ್ತೀರಿ?

ಕೋಲಾರ: ಕಾಯಿಲೆ ಹೆಸರು ಕಂಡ ಕೂಡಲೇ ಕೋಡ್ ಹುಡುಕೋಕೆ ಹೋಗಬೇಡಿ. ಹಿಂದೆ ಮುಂದೆ ಏನಿದೆ ನೋಡಿ. ‘ಕೆ/ಸಿ/ಒ ಡಿಎಂ’ (ನೋನ್ ಕೇಸ್ ಆಫ್ ಡಯಾಬಿಟಿಸ್) ಅಂದರೆ ರೋಗಿಗೇ ಶುಗರ್ ಇದೆ. ಟೈಪ್ 2 ಅಂತ ಬರೆದಿದ್ದರೆ ಇ11. ಅದೇ ಶುಗರ್ ಫ್ಯಾಮಿಲಿ ಹಿಸ್ಟರಿ ಸಾಲಿನಲ್ಲಿದ್ದರೆ ಅಪ್ಪನದೋ ಅಮ್ಮನದೋ, ಆಗ ಝಡ್83.3. ‘ಓಲ್ಡ್ ಪಿಟಿಬಿ’ಗೆ (ಹಿಂದೆ ಬಂದಿದ್ದ ಶ್ವಾಸಕೋಶದ ಟಿಬಿ) ಈಗಿರುವ ಟಿಬಿಯ ಎ15, ಎ16 ಹಾಕಿಬಿಟ್ಟರೆ ವಾಸಿಯಾದವರನ್ನು ಮತ್ತೆ ಟಿಬಿ ರೋಗಿ ಮಾಡಿದ ಹಾಗೆ. ಶ್ವಾಸಕೋಶದಲ್ಲಿ ಅದರ ತೊಂದರೆ ಉಳಿದಿದ್ದರೆ ಬಿ90.9, ಸುಮ್ನೆ ಬಂದು ಹೋಗಿದ್ದರೆ ಝಡ್86.1.

ಶಾರ್ಟ್‌ಫಾರ್ಮ್ ನಂಬುವ ಮುಂಚೆ ಯಾವ ವಿಭಾಗದ ಶೀಟ್ ಅಂತ ನೋಡಿ. ಕ್ಯಾಶುಯಲ್ಟಿಯಲ್ಲಿ ಆರ್‌ಟಿಎ ಅಂದರೆ ರೋಡ್ ಆಕ್ಸಿಡೆಂಟ್. ಕಿಡ್ನಿ ಡಾಕ್ಟರ್ ಬರೆದಿದ್ದರೆ ರೀನಲ್ ಟ್ಯೂಬ್ಯುಲರ್ ಅಸಿಡೋಸಿಸ್ ಅನ್ನೋ ಕಿಡ್ನಿ ಕಾಯಿಲೆ!

ಪಾವಗಡ: ಮೇಲಿನವರು ಹೇಳಿದ್ದು ಸರಿ. ಆದರೆ ಜಾಸ್ತಿ ಕಷ್ಟ ಕೊಡೋದು ಶೀಟಿನಲ್ಲಿ ಬರೆಯದೆ ಬಿಟ್ಟಿದ್ದು. ನಮ್ಮ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್ ಗೊತ್ತಲ್ಲ. ಮಂಡಿ ನೋವು, ಬಗ್ಗದ ಬೆನ್ನು, ಕಂದು ಕಲೆಯ ಹಲ್ಲು ಎಲ್ಲಾ ಬರೆದು, ಡಯಾಗ್ನೋಸಿಸ್ ಜಾಗದಲ್ಲಿ ಮಾತ್ರ ‘ಜಾಯಿಂಟ್ ಪೇನ್’ ಅಂತಿರುತ್ತದೆ. ಅದೇನಂತ ಊರಿನ ಅಜ್ಜಿಗೂ ಗೊತ್ತು. ಆದರೂ ನಾವಾಗೇ ಸ್ಕೆಲಿಟಲ್ ಫ್ಲೋರೋಸಿಸ್‌ನ (ಫ್ಲೋರೈಡ್‌ನಿಂದ ಬರುವ ಮೂಳೆ ಕಾಯಿಲೆ) ಎಂ85.1 ಹಾಕುವ ಹಾಗಿಲ್ಲ. ಡಾಕ್ಟರ್ ಬರೆಯುವವರೆಗೆ ಅದು ಕೀಲು ನೋವಿನ ಎಂ25.5 ಅಷ್ಟೇ. ಹಾಗಂತ ಸುಮ್ಮನಿದ್ದರೆ ನೀರಿನ ಕಾಯಿಲೆ ಲೆಕ್ಕಕ್ಕೇ ಬರುವುದಿಲ್ಲ. ‘ಎಕ್ಸ್‌ರೇ ರಿಪೋರ್ಟ್ ಹೀಗಿದೆ, ಡಯಾಗ್ನೋಸಿಸ್ ಏನು ಬರೀತೀರಿ?’ ಅಂತ ಚೀಟಿ ಕಳಿಸಿ. ‘ಫ್ಲೋರೋಸಿಸ್ ಅಲ್ವಾ ಸರ್’ ಅಂತ ನಾವೇ ಉತ್ತರ ಕೊಡಬಾರದು. ಓಪಿಡಿ ಮುಗಿದ ಮೇಲೆ ಹೋದರೆ ಬೈಗುಳ ಕಡಿಮೆ.

ಚಿಂತಾಮಣಿ: ಡೆಂಗ್ಯೂ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಲ್ಯಾಬ್ ರಿಪೋರ್ಟ್ ಬರುವವರೆಗೆ ಫೈಲ್ ಮುಚ್ಚಬೇಡಿ. ಹಳೆ ಪುಸ್ತಕದಲ್ಲಿ ಅದು ಎ90, ಡಬ್ಲ್ಯುಎಚ್‌ಒದ 2016ರ ಆವೃತ್ತಿಯಲ್ಲಿ ಎ97. ನಿಮ್ಮಲ್ಲಿ ಯಾವುದು ನಡೆಯುತ್ತದೆ ಕೇಳಿಕೊಳ್ಳಿ. ಐಸಿಡಿ ಪುಸ್ತಕದ ಮೂರನೇ ಸಂಪುಟದ ಇಂಡೆಕ್ಸ್‌ನಲ್ಲಿ ಸಿಕ್ಕ ಕೋಡನ್ನು ಮೊದಲನೇ ಸಂಪುಟದಲ್ಲಿ ನೋಡದೆ ಬರೆಯಬೇಡಿ. ಯಾವುದು ಅದರಲ್ಲಿ ಸೇರಲ್ಲ ಅನ್ನೋದು ಇರುವುದು ಅಲ್ಲೇ. ಸ್ನೋಮೆಡ್ ಸಿಟಿ ಅಂತ ವೈದ್ಯಕೀಯ ಪದಗಳ ಇನ್ನೊಂದು ಕೋಡ್ ಪಟ್ಟಿ ಇದೆ, ಭಾರತದಲ್ಲಿ ಉಚಿತ, ಪುಣೆಯ ಸರ್ಕಾರಿ ಕಂಪ್ಯೂಟರ್ ಸಂಸ್ಥೆ ಸಿ-ಡ್ಯಾಕ್‌ನವರು ಕೊಡುತ್ತಾರೆ. ಅದನ್ನು ಆಮೇಲೆ ಕಲಿತರೂ ನಡೆಯುತ್ತದೆ.