ಬೆಂಜ್ 280ಇ: ಚಳಿಗೆ ಸ್ಟಾರ್ಟ್ ಆಗಿ ಆಫ್ ಆಗುತ್ತೆ, ಯಾವ ಸ್ಕ್ರೂ ಮುಟ್ಟಬೇಕು?

ತೋಟದ_ಬೆಂಜ್, ಸುಂಟಿಕೊಪ್ಪ
ನಮ್ಮ ತಂದೆಯವರ ಕಾಲದ ಡಬ್ಲ್ಯೂ123 ಮಾಡೆಲ್, ಪೆಟ್ರೋಲ್, ಬಾಷ್ ಕೆ-ಜೆಟ್ರಾನಿಕ್ (ಮೆಕ್ಯಾನಿಕಲ್ ಪೆಟ್ರೋಲ್ ಇಂಜೆಕ್ಷನ್). ಕಾಫಿ ಕುಯ್ಲಿನ ಸಮಯ, ಬೆಳಗ್ಗೆ ಕಣದ ಹತ್ತಿರ 12 ಡಿಗ್ರಿ. ಸೆಲ್ಫ್ ಹೊಡೆದ ಕೂಡಲೇ ಸ್ಟಾರ್ಟ್ ಆಗುತ್ತದೆ, ಎರಡು ಮೂರು ಸೆಕೆಂಡಿಗೆ ಆಫ್. ಆಕ್ಸಿಲರೇಟರ್ ಒತ್ತಿದರೆ ಕೆಮ್ಮು. ಹೇಗೋ ಬಿಸಿ ಮಾಡಿದರೆ ಆಮೇಲೆ ಒಂದು ತೊಂದರೆಯೂ ಇಲ್ಲ. ಮೆಕ್ಯಾನಿಕ್ ಮಿಕ್ಸ್‌ಚರ್ ಸ್ಕ್ರೂ (ಗಾಳಿ-ಪೆಟ್ರೋಲ್ ಬೆರಕೆ ಹೊಂದಿಸುವುದು) ತಿರುಗಿಸೋಣ ಅಂತಿದ್ದಾರೆ. ಒಪ್ಪಲಾ?

ಹಳೇ_ಸ್ಪ್ಯಾನರ್, ಗೋಣಿಕೊಪ್ಪ
ಬೇಡ ಸರ್, ಖಂಡಿತ ಬೇಡ. ಬಿಸಿಯಾದ ಮೇಲೆ ಚೆನ್ನಾಗಿ ಓಡುತ್ತೆ ಅಂದರೆ ಆ ಸ್ಕ್ರೂ ಸರಿಯಾಗೇ ಇದೆ. ತಿರುಗಿಸಿದರೆ ಬೆಳಗ್ಗೆ ಬದುಕಬಹುದು, ಕುಶಾಲನಗರ ತಲುಪುವಷ್ಟರಲ್ಲಿ ಪ್ಲಗ್ ಕಪ್ಪಾಗಿರುತ್ತೆ.

ಕೂಡಲೇ ಸ್ಟಾರ್ಟ್ ಆಗುತ್ತೆ ಅಂದಿರಲ್ಲ, ಅಲ್ಲಿಗೆ ಸ್ಟಾರ್ಟ್ ಮಾಡುವಾಗ ಹೆಚ್ಚುವರಿ ಪೆಟ್ರೋಲ್ ಚಿಮ್ಮಿಸುವ ಕೋಲ್ಡ್ ಸ್ಟಾರ್ಟ್ ವಾಲ್ವ್ ಕೆಲಸ ಮಾಡ್ತಿದೆ. ಅದನ್ನು ನಡೆಸುವ ಥರ್ಮೋ ಟೈಮ್ ಸ್ವಿಚ್ಚಿನ ಮೇಲೆ 35 ಡಿಗ್ರಿ, 8 ಸೆಕೆಂಡ್ ಅಂತ ಕೆತ್ತಿರುತ್ತಾರೆ. ಆ 8 ಸೆಕೆಂಡು ಮೈನಸ್ 20 ಡಿಗ್ರಿಯ ಲೆಕ್ಕ. ನಮ್ಮ ಕೊಡಗಿನ ಚಳಿಗೆ ಎರಡು ಮೂರು ಸೆಕೆಂಡಷ್ಟೇ. ಆಮೇಲೆ ಇಂಜಿನ್ನನ್ನು ಸಾಕಬೇಕಾದದ್ದು ಬಿಸಿಯಾಗುವವರೆಗೆ ಪೆಟ್ರೋಲ್ ಜಾಸ್ತಿ ಕೊಡಿಸುವ ವಾರ್ಮ್-ಅಪ್ ರೆಗ್ಯುಲೇಟರ್. ನಿಮ್ಮಲ್ಲಿ ಕೈ ಕೊಡ್ತಿರೋದು ಅದೇ ಅಂತ ನನ್ನ ಅನುಮಾನ.

ಅದರ ಲೆಕ್ಕ ಉಲ್ಟಾ: ಅದು ನಿಯಂತ್ರಿಸುವ ಪೆಟ್ರೋಲ್ ಒತ್ತಡ, ಅಂದರೆ ಕಂಟ್ರೋಲ್ ಪ್ರೆಷರ್, ಕಡಿಮೆಯಾದಷ್ಟೂ ಇಂಜಿನ್ನಿಗೆ ಪೆಟ್ರೋಲ್ ಜಾಸ್ತಿ. ಫ್ಯೂಯಲ್ ಡಿಸ್ಟ್ರಿಬ್ಯೂಟರಿಗೂ (ಸಿಲಿಂಡರುಗಳಿಗೆ ಪೆಟ್ರೋಲ್ ಹಂಚುವ ಭಾಗ) ರೆಗ್ಯುಲೇಟರಿಗೂ ನಡುವೆ ಗೇಜ್ ಹಾಕಿ, ರೆಗ್ಯುಲೇಟರಿನ ಕರೆಂಟ್ ಪ್ಲಗ್ ತೆಗೆದು, ಪಂಪ್ ಓಡಿಸಿ ನೋಡಿ. ಗಾಡಿ ರಾತ್ರಿಯಿಡೀ ನಿಂತಿರಬೇಕು. ಹಾಗಾಗಿ ಬೆಳಗ್ಗೆ ಒಂದೇ ಚಾನ್ಸ್. ರೆಗ್ಯುಲೇಟರಿನ ಮೇಲೆ 0 438 140 ಅಂತ ಶುರುವಾಗುವ ನಂಬರ್ ಇರುತ್ತೆ, ಅದರ ಗ್ರಾಫಿಗೇ ಹೋಲಿಸಿ. ಪ್ಲಗ್ ವಾಪಸ್ ಹಾಕಿದರೆ ಮೆಲ್ಲಗೆ ಏರಿ ಮೂರೂವರೆ ಬಾರ್ ಆಸುಪಾಸಿಗೆ ನಿಲ್ಲಬೇಕು.

ಚಳಿಯಲ್ಲಿ ಪ್ರೆಷರ್ ಜಾಸ್ತಿ ಬಂದರೆ ರೆಗ್ಯುಲೇಟರಿನ ಬೈಮೆಟಲ್ಲಿನ (ಬಿಸಿಗೆ ಬಗ್ಗುವ ಲೋಹದ ಪಟ್ಟಿ) ಪಿನ್ನನ್ನು ಒಳಗೆ ತಟ್ಟಿ ಇಳಿಸುತ್ತಾರೆ. ಒಳಗೆ ತಟ್ಟುವುದು ಸುಲಭ, ಹೊರಗೆ ಎಳೆಯುವುದು ತಲೆನೋವು. ಅದಕ್ಕೇ ಸುತ್ತಿಗೆ ಎತ್ತುವ ಮೊದಲು ರೆಗ್ಯುಲೇಟರಿಗೆ ಪೆಟ್ರೋಲ್ ಒಳಬರುವ ಬಾಯಲ್ಲಿ ಸಣ್ಣ ಜಾಲರಿ ಇದೆ, ಅದನ್ನು ಬಿಚ್ಚಿ. ಮಳೆಗಾಲವೆಲ್ಲ ಶೆಡ್ಡಲ್ಲಿ ನಿಂತ ಗಾಡಿ ಅಲ್ವಾ? ಟ್ಯಾಂಕಿನ ತುಕ್ಕು ಬಂದು ಕೂರುವುದೇ ಅಲ್ಲಿ. ಜಾಲರಿ ಕಟ್ಟಿದರೆ ಪೆಟ್ರೋಲ್ ವಾಪಸ್ ಹೋಗುವುದಕ್ಕೆ ದಾರಿ ಇಲ್ಲದೆ ಪ್ರೆಷರ್ ತಾನೇ ಏರುತ್ತೆ.

ಘಾಟಿ_ಡ್ರೈವರ್, ಸಂಪಾಜೆ
ಮಿಕ್ಸ್‌ಚರ್ ಎಲ್ಲಿ ಸೆಟ್ ಮಾಡಿಸಿದ್ದು? ಮಂಗಳೂರಲ್ಲಿ ಸೆಟ್ ಮಾಡಿದ್ದು ಘಾಟಿ ಹತ್ತಿ ಮಡಿಕೇರಿಗೆ ಬಂದರೆ ಸ್ವಲ್ಪ ರಿಚ್ (ಪೆಟ್ರೋಲ್ ಜಾಸ್ತಿ) ಆಗುತ್ತದೆ. 1,100 ಮೀಟರಿಗಿಂತ ಮೇಲೆ ಗಾಳಿ ತೆಳು. ಈಗಿನ ಇ20 (ಶೇ. 20 ಎಥನಾಲ್ ಬೆರೆತ) ಪೆಟ್ರೋಲ್ ಅದಕ್ಕೆ ಉಲ್ಟಾ, ಲೀನ್ (ಇಂಧನ ಕಡಿಮೆ) ಮಾಡುತ್ತದೆ. ಆ ಎಥನಾಲ್ ಚಳಿಯಲ್ಲಿ ಬೇಗ ಆವಿಯೂ ಆಗಲ್ಲ.

ತೋಟದ_ಬೆಂಜ್
ಸ್ಪ್ಯಾನರ್ ಅಣ್ಣಾ, ಗೇಜ್ 2.4 ಬಾರ್ ತೋರಿಸಿತು. ಜಾಲರಿ ಬಿಚ್ಚಿದೆ, ಕಾಫಿ ಚರಟದ ಹಾಗೆ ಕಂದು ಕೆಸರು. ತೊಳೆದ ಮೇಲೆ ಒಂದೂವರೆ ಬಾರ್. ಗ್ರಾಫಿಗೆ ಸರಿ ಹೊಂದುತ್ತದೆ, ಪಿನ್ ಮುಟ್ಟಲಿಲ್ಲ. ಈಗ ಸ್ಟಾರ್ಟ್ ಆಗಿ ನಿಲ್ಲುತ್ತದೆ, ಆದರೆ ಮೊದಲ ನಿಮಿಷ ಐಡ್ಲಿಂಗ್ ತುಂಬಾ ಕಡಿಮೆ.

ಹಳೇ_ಸ್ಪ್ಯಾನರ್
ಅದು ಗಾಳಿಯ ಕಡೆಯದು. ಇಂಜಿನ್ ತಣ್ಣಗಿರುವಾಗ ಚಳಿಯಲ್ಲಿ ಹೆಚ್ಚುವರಿ ಗಾಳಿ ಬಿಡುವ ಆಕ್ಸಿಲರಿ ಏರ್ ವಾಲ್ವಿನ ಹೋಸ್ ಅದುಮಿ ನೋಡಿ. ಐಡ್ಲಿಂಗ್ ಇಳಿಯದಿದ್ದರೆ ವಾಲ್ವ್ ಮುಚ್ಚಿಕೊಂಡೇ ಕೂತಿದೆ, ಬಿಚ್ಚಿ ಕ್ಲೀನ್ ಮಾಡಿ. ಟ್ಯಾಂಕ್ ತೊಳೆಸಿ, ಫಿಲ್ಟರ್ ಹೊಸದು ಹಾಕಿ, ಇಲ್ಲದಿದ್ದರೆ ಆ ಜಾಲರಿ ಮತ್ತೆ ಕಟ್ಟುತ್ತೆ. ಮಿಕ್ಸ್‌ಚರ್ ನೋಡಲೇಬೇಕು ಅಂದರೆ ಎಲ್ಲ ಮುಗಿದ ಮೇಲೆ, ಬಿಸಿ ಇಂಜಿನ್ನಿನಲ್ಲಿ, 3 ಎಂಎಂ ಅಲೆನ್ ಕೀಯಿಂದ ಕೂದಲೆಳೆಯಷ್ಟು. ಕೀ ಒಳಗಿಟ್ಟು ರೇಸ್ ಮಾತ್ರ ಕೊಡಬೇಡಿ, ಒಳಗಿನ ಲಿವರ್ ಬಗ್ಗುತ್ತೆ.