ಗ್ಯಾಸ್ ಡ್ರೈಯರ್: ಮೊದಲು ಬಿಸಿ ಬರುತ್ತದೆ, ಆಮೇಲೆ ಬರೀ ತಣ್ಣನೆ ಗಾಳಿ

ಹೇಮಾವತಿ_ದಡ

ಎಲ್ಲರಿಗೂ ನಮಸ್ಕಾರ. ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮನೆ ಕೊಂಡಾಗ ಹಿಂದಿನವರು ಬಿಟ್ಟುಹೋದ ಗ್ಯಾಸ್ ಡ್ರೈಯರ್ ಬೇಸ್‌ಮೆಂಟಿನಲ್ಲಿದೆ, ನ್ಯಾಚುರಲ್ ಗ್ಯಾಸ್ ಲೈನಿಗೆ ಜೋಡಿಸಿದ್ದು. ಇಲ್ಲಿಯವರೆಗೆ ಏನೂ ತಕರಾರಿರಲಿಲ್ಲ. ಈಗ ಶುರು ಮಾಡಿದಾಗ ಬಿಸಿ ಬರುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತೆಗೆದು ಕೈಯಿಟ್ಟರೆ ಎಲ್ಲ ತಣ್ಣಗೆ. ಡ್ರಮ್ ಮಾತ್ರ ತಿರುಗುತ್ತಲೇ ಇರುತ್ತದೆ. ತೆಳು ಶರ್ಟು ಹೇಗೋ ಒಣಗುತ್ತದೆ, ಜೀನ್ಸ್ ಹಾಕಿದರೆ ಸೊಂಟದ ಪಟ್ಟಿ, ಜೇಬು ಎಲ್ಲ ಹಸಿ ಹಸಿ. ನಿಲ್ಲಿಸಿ ಒಂದು ಗಂಟೆ ಬಿಟ್ಟು ಮತ್ತೆ ಹಾಕಿದರೆ ಮತ್ತೆ ಸ್ವಲ್ಪ ಹೊತ್ತು ಬಿಸಿ, ಅಷ್ಟೇ.

ನೂಲಿನ ಧೂಳು ಹಿಡಿಯುವ ಲಿಂಟ್ ಫಿಲ್ಟರ್ ಪ್ರತಿ ಸಲ ಒರೆಸಿಯೇ ಹಾಕುತ್ತೇನೆ. ರಿಪೇರಿಯವರಿಗೆ ಫೋನ್ ಮಾಡಿದರೆ ಬಂದು ನೋಡುವ ಮೊದಲೇ ಉರಿ ಹತ್ತಿಸುವ ಇಗ್ನೈಟರ್ ಹೋಗಿದೆ, ಬದಲಾಯಿಸಬೇಕು ಅಂದರು. ನಿಜ ಇರಬಹುದಾ? ಮನೆಯಲ್ಲಿ ಪುಟ್ಟ ಮಗು ಇದೆ, ದಿನಾ ಬಟ್ಟೆ ರಾಶಿ ಬೀಳುತ್ತದೆ, ಈ ಚಳಿಯಲ್ಲಿ ಹೊರಗೆ ಹರವುವ ಹಾಗೂ ಇಲ್ಲ. ಸಣ್ಣಪುಟ್ಟ ರಿಪೇರಿ ನಾನೇ ಮಾಡುತ್ತೇನೆ, ಆದರೆ ಗ್ಯಾಸ್ ಅಂದರೆ ಸ್ವಲ್ಪ ಭಯ.

ಬಯಲುಸೀಮೆ77

ವೆಂಟ್, ಅಂದರೆ ಗಾಳಿ ಹೊರಗೆ ಹೋಗುವ ಪೈಪ್, ಕಟ್ಟಿಕೊಂಡಿರುತ್ತದೆ. ಹಿಂದಿನ ಪೈಪ್ ಕಳಚಿಟ್ಟು ಒಂದು ಲೋಡ್ ಓಡಿಸಿ ನೋಡಿ. ಬಟ್ಟೆ ಒಣಗಿತು ಅಂದರೆ ಪೈಪಿನದೇ ತೊಂದರೆ. ನಮ್ಮ ಎಲೆಕ್ಟ್ರಿಕ್ ಡ್ರೈಯರಿನ ತೊಂದರೆ ಹಾಗೇ ಗೊತ್ತಾಗಿದ್ದು, ಒಂದು ಪೈಸೆ ಖರ್ಚಾಗಲಿಲ್ಲ.

ಮಲೆನಾಡ_ಮೆಕ್ಯಾನಿಕ್

ದಯವಿಟ್ಟು ಪೈಪ್ ಕಳಚಿ ಓಡಿಸಬೇಡಿ. ಎಲೆಕ್ಟ್ರಿಕ್ ಡ್ರೈಯರಿನಲ್ಲಿ ಹಾಗೆ ಮಾಡಿದರೆ ಬರೀ ಬಿಸಿ ಗಾಳಿ, ನೂಲಿನ ಧೂಳು ಮನೆಯೊಳಗೆ ಬರುತ್ತದೆ. ಗ್ಯಾಸ್ ಡ್ರೈಯರಿನಲ್ಲಿ ಉರಿಯ ಹೊಗೆ ಅದೇ ಪೈಪಿನಿಂದ ಹೊರಗೆ ಹೋಗಬೇಕು, ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರಬಹುದು. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮುಚ್ಚಿದ ಬೇಸ್‌ಮೆಂಟು, ಮೇಲೆ ಮಗು ಮಲಗಿರುವ ಮನೆ, ಇದು ಬೇಡವೇ ಬೇಡ. ವೆಂಟ್ ಪರೀಕ್ಷೆ ಮಾಡಬೇಕು ಅಂದರೆ ಡ್ರೈಯರ್ ಓಡುತ್ತಿರುವಾಗ ಹೊರಗೆ ಹೋಗಿ ಗೋಡೆಯ ಮೇಲಿನ ಮುಚ್ಚಳ ನೋಡಿ. ಗಾಳಿಗೆ ಚೆನ್ನಾಗಿ ಎದ್ದು ನಿಂತಿದೆಯಾ, ಕೈಗೆ ಜೋರಾಗಿ ಗಾಳಿ ತಾಗುತ್ತದೆಯಾ? ಅಷ್ಟು ಸಾಕು.

ಇಗ್ನೈಟರ್ ವಿಷಯಕ್ಕೆ ಬರೋಣ. ಅದು ಮುರಿದಿದ್ದರೆ ಮೊದಲ ಸಲವೇ ಉರಿ ಹತ್ತುತ್ತಿರಲಿಲ್ಲ. ನಿಮಗೆ ಮೊದಲು ಬಿಸಿ ಬರುತ್ತಿದೆ, ಹಾಗಾಗಿ ಫೋನಿನಲ್ಲಿ ಹೇಳಿದ ಮಾತು ನಂಬಿ ಪಾರ್ಟ್ ತರಿಸಬೇಡಿ. ಒಳಗೆ ಏನಾಗುತ್ತಿದೆ ಅಂತ ಕಣ್ಣಾರೆ ನೋಡಬಹುದು. ತುಂಬಾ ಮಾಡೆಲ್‌ಗಳಲ್ಲಿ ಮುಂಭಾಗದ ಕೆಳಗೆ ಒಂದು ಪುಟ್ಟ ಬಾಗಿಲೋ ನೋಡುವ ತೂತೋ ಇರುತ್ತದೆ. ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ದೀಪ ಆರಿಸಿ, ಡ್ರೈಯರ್ ಬಿಸಿಗೆ ಹಾಕಿ ನೋಡಿ.

ಸರಿಯಾಗಿದ್ದರೆ ಹೀಗಾಗಬೇಕು: ಮೊದಲು ಇಗ್ನೈಟರ್ ಕೆಂಪಾಗಿ, ಆಮೇಲೆ ಕಿತ್ತಳೆ-ಹಳದಿಯಾಗಿ ಕಾಯುತ್ತದೆ. ಅರ್ಧ ಅಥವಾ ಒಂದು ನಿಮಿಷದೊಳಗೆ ಪಕ್ಕದ ಫ್ಲೇಮ್ ಸೆನ್ಸರ್ (ಕಾವು ಗುರುತಿಸುವ ಸ್ವಿಚ್) ಆ ಕಾವು ತಾಗಿ ತೆರೆದುಕೊಳ್ಳುತ್ತದೆ, ಟಕ್ ಅಂತ ಗ್ಯಾಸ್ ವಾಲ್ವ್ ಶಬ್ದ, ಭುಸ್ ಅಂತ ನೀಲಿ ಉರಿ. ಇಗ್ನೈಟರ್ ಆಗ ಆರುತ್ತದೆ, ಉರಿ ಮಾತ್ರ ಹಾಗೇ ಉರಿಯುತ್ತಿರುತ್ತದೆ. ತಾಪ ಸಾಕಷ್ಟು ಏರಿದಾಗ ಥರ್ಮೋಸ್ಟಾಟ್ ಉರಿ ಆರಿಸುತ್ತದೆ, ತಗ್ಗಿದಾಗ ಮತ್ತೆ ಮೊದಲಿನಿಂದ ಇದೇ ಆಟ. ನೀವು ಗಮನಿಸಬೇಕಾದ್ದು ಆ ಎರಡನೇ, ಮೂರನೇ ಸಲ. ಇಗ್ನೈಟರ್ ಕಾಯುವುದೇ ಇಲ್ಲವಾ? ಕಾದು ಕಾದು ಆರುವುದೇ ಇಲ್ಲವಾ? ಅಥವಾ ಕಾದು, ಆರಿ, ಉರಿ ಮಾತ್ರ ಬಾರದೆ ಮತ್ತೆ ಕಾಯುತ್ತದೆಯಾ? ಮೂರಕ್ಕೂ ಕಾರಣ ಬೇರೆ ಬೇರೆ. ನೋಡಿ ಬಂದು ಹೇಳಿ.

ಬಯಲುಸೀಮೆ77

ಗ್ಯಾಸ್ ಡ್ರೈಯರಿಗೆ ಈ ವ್ಯತ್ಯಾಸ ಇದೆ ಅಂತ ಗೊತ್ತಿರಲಿಲ್ಲ, ಹೇಳಿದ್ದು ಒಳ್ಳೆಯದಾಯಿತು. ಹೇಮಾವತಿ ಅವರೇ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆಯಲ್ವಾ ಮನೆಯಲ್ಲಿ?

ಹೇಮಾವತಿ_ದಡ

ಅಲಾರಂ ಇದೆ, ಬಟನ್ ಒತ್ತಿ ನೋಡಿದೆ, ಕೂಗುತ್ತದೆ.

ನೀವು ಹೇಳಿದ ಹಾಗೆ ಕೂತು ನೋಡಿದೆ. ಮೊದಲ ಸಲ ಚೆನ್ನಾಗಿ ಹತ್ತಿತು, ನೀಲಿ ಉರಿ ಉದ್ದಕ್ಕೆ ಬಂತು. ಆಮೇಲೆ ಆರಿತು. ಮತ್ತೆ ಇಗ್ನೈಟರ್ ಕೆಂಡದ ಹಾಗೆ ಆಯಿತು, ಟಕ್ ಅಂತ ಆರಿತು, ಉರಿ ಬರಲೇ ಇಲ್ಲ. ಸ್ವಲ್ಪ ಬಿಟ್ಟು ಮತ್ತೆ ಕೆಂಡ, ಮತ್ತೆ ಟಕ್, ಮತ್ತೆ ಕತ್ತಲೆ. ಹೀಗೇ ನಡೆಯುತ್ತಲೇ ಇತ್ತು. ಗ್ಯಾಸ್ ವಾಸನೆ ಏನೂ ಬರಲಿಲ್ಲ. ಹೊರಗಿನ ಮುಚ್ಚಳ ಏಳುತ್ತದೆ, ಆದರೆ ಪೂರ್ತಿ ಅಲ್ಲ, ಅರ್ಧಂಬರ್ಧ.

ಮಲೆನಾಡ_ಮೆಕ್ಯಾನಿಕ್

ಹಾಗಾದರೆ ಗ್ಯಾಸ್ ವಾಲ್ವಿನ ಕಾಯಿಲ್‌ಗಳು. ನೀವು ಹೇಳಿದ ಲಕ್ಷಣಕ್ಕೆ ಇದಕ್ಕಿಂತ ಬಲವಾದ ಕಾರಣ ಬೇರೆ ಇಲ್ಲ. ವಾಲ್ವಿನ ಮೇಲೆ ಕಪ್ಪಗೆ ಪುಟ್ಟ ಡಬ್ಬಿಗಳ ಹಾಗೆ ಎರಡು ಕೂತಿರುತ್ತವೆ, ಸಾಮಾನ್ಯವಾಗಿ ಒಂದಕ್ಕೆ ಮೂರು ಪಿನ್, ಇನ್ನೊಂದಕ್ಕೆ ಎರಡು. ಒಳಗೆ ಸಣ್ಣ ತಾಮ್ರದ ತಂತಿ ಸುತ್ತಿದೆ. ವರ್ಷಗಟ್ಟಲೆ ಕಾದು ಕಾದು ಸುತ್ತು ಹಾಳಾಗುತ್ತದೆ. ತಣ್ಣಗಿರುವಾಗ ವಾಲ್ವ್ ಎಳೆಯುವಷ್ಟು ಶಕ್ತಿ ಇರುತ್ತದೆ, ಬಿಸಿಯಾದ ಮೇಲೆ ಇರುವುದಿಲ್ಲ. ಒಂದು ಗಂಟೆ ಬಿಟ್ಟರೆ ಮತ್ತೆ ಕೆಲಸ ಮಾಡುವುದು ಇದಕ್ಕೇ.

ಇಲ್ಲೇ ತುಂಬಾ ಜನ ದಾರಿ ತಪ್ಪುವುದು. ಮಲ್ಟಿಮೀಟರ್ ಹಿಡಿದು ಅಳೆದರೆ ಕಾಯಿಲ್ ಸರಿಯಾಗಿಯೇ ತೋರಿಸಬಹುದು, ಯಾಕೆಂದರೆ ಬಿಚ್ಚಿ ಅಳೆಯುವ ಹೊತ್ತಿಗೆ ಅದು ತಣ್ಣಗಾಗಿರುತ್ತದೆ. ಹಾಗಾಗಿ ಮೀಟರ್ ಏನೇ ಹೇಳಲಿ, ಸೆಟ್ಟೇ ಬದಲಾಯಿಸಿ. ಮಾಡೆಲ್ ನಂಬರ್ ಬಾಗಿಲ ಚೌಕಟ್ಟಿನ ಒಳಗೆ ಅಂಟಿಸಿರುತ್ತಾರೆ, ಅದನ್ನು ಹಾಕಿ ಹುಡುಕಿ. ಜಾಸ್ತಿ ದುಬಾರಿಯಲ್ಲ.

ಒಂದು ಎಚ್ಚರಿಕೆ: ಇಗ್ನೈಟರ್ ಪಿಂಗಾಣಿಯಂತೆ ಸುಲಭವಾಗಿ ಒಡೆಯುತ್ತದೆ. ಕೈ ತಾಗಿಸಬೇಡಿ.

ಹೇಮಾವತಿ_ದಡ

ಗ್ಯಾಸ್ ಪೈಪ್ ಬಿಚ್ಚಬೇಕಾ? ಅದೊಂದೇ ಹೆದರಿಕೆ.

ಮಲೆನಾಡ_ಮೆಕ್ಯಾನಿಕ್

ಬೇಡ. ಕಾಯಿಲ್‌ಗಳು ವಾಲ್ವಿನ ಹೊರಗೆ ಕೂತಿರುತ್ತವೆ, ಗ್ಯಾಸ್ ಹರಿಯುವ ಜಾಗ ತೆರೆಯುವುದಿಲ್ಲ. ಆದರೂ ಮೊದಲು ಪ್ಲಗ್ ಕೀಳಿ, ಗ್ಯಾಸ್ ಬಂದ್ ಮಾಡಿ. ಗ್ಯಾಸ್ ಲೈನಿನ ವಾಲ್ವಿನ ಹಿಡಿ ಪೈಪಿಗೆ ಅಡ್ಡವಾಗಿ ನಿಂತರೆ ಬಂದ್, ಪೈಪಿನ ಉದ್ದಕ್ಕಿದ್ದರೆ ತೆರೆದಿದೆ ಅಂತ. ಕಾಯಿಲ್‌ಗಳ ಮೇಲಿನ ಪಟ್ಟಿಯ ಸ್ಕ್ರೂ ಬಿಚ್ಚಿ, ವೈರುಗಳ ಫೋಟೋ ತೆಗೆದುಕೊಂಡು, ಹಳೆಯದು ಎತ್ತಿ ಹೊಸದು ಕೂರಿಸಿ. ಬರ್ನರ್ ಪೂರ್ತಿ ಹೊರಗೆ ತೆಗೆಯದೆ ಕೈ ಹೋಗುವುದಿಲ್ಲ ಅನ್ನುವ ಮಾಡೆಲ್ ಆದರೆ, ಅದಕ್ಕೆ ಗ್ಯಾಸ್ ಜೋಡಣೆ ಬಿಚ್ಚಬೇಕಾಗಿ ಬಂದರೆ, ಅಲ್ಲಿಗೆ ನಿಲ್ಲಿಸಿ ಲೈಸೆನ್ಸ್ ಇರುವವರನ್ನು ಕರೆಸಿ. ಕೆಲಸದ ನಡುವೆ ಗ್ಯಾಸ್ ವಾಸನೆ ಬಂದರೆ ಸ್ವಿಚ್ ಯಾವುದನ್ನೂ ಮುಟ್ಟದೆ ಎಲ್ಲರೂ ಹೊರಗೆ ಹೋಗಿ, ಅಲ್ಲಿಂದ ಫೋನ್ ಮಾಡಿ.

ಶಿಕಾಗೊ_ಕನ್ನಡತಿ

ಮುಚ್ಚಳ ಅರ್ಧಂಬರ್ಧ ಏಳುತ್ತದೆ ಅಂದಿರಲ್ಲ, ಅದನ್ನು ಸುಮ್ನೆ ಬಿಡಬೇಡಿ. ಕಾಯಿಲ್ ಹಾಕಿದರೆ ಬಿಸಿ ಬರುತ್ತದೆ ನಿಜ, ಆದರೆ ಗಾಳಿ ಹೋಗದಿದ್ದರೆ ಒಳಗೆ ತಾಪ ಏರಿ ಸುರಕ್ಷತೆಯ ಥರ್ಮೋಸ್ಟಾಟ್ ಮತ್ತೆ ಮತ್ತೆ ಉರಿ ಆರಿಸುತ್ತದೆ, ಬಟ್ಟೆ ಬಿಸಿ ಇದ್ದರೂ ಹಸಿ ಉಳಿಯುತ್ತದೆ. ಅದಕ್ಕಿಂತ ಮುಖ್ಯ ಬೆಂಕಿಯ ಭಯ. ಅಮೆರಿಕದ ಫೈರ್ ಅಡ್ಮಿನಿಸ್ಟ್ರೇಷನ್ 2008ರಿಂದ 2010ರ ಲೆಕ್ಕ ಹಾಕಿ, ಡ್ರೈಯರಿನಿಂದ ಮನೆಗಳಲ್ಲಿ ವರ್ಷಕ್ಕೆ ಸುಮಾರು 2,900 ಬೆಂಕಿ ಅನಾಹುತ ಅಂತ ಹೇಳಿತ್ತು. ಶುಚಿ ಮಾಡದಿರುವುದೇ ಅದಕ್ಕೆ ಮುಖ್ಯ ಕಾರಣ.

ಹಿಂದೆ ಬೆಳ್ಳಿ ಹಾಳೆಯ ಸುಕ್ಕುಸುಕ್ಕು ಪೈಪ್ ಇದ್ದರೆ ತೆಗೆದುಬಿಡಿ, ಆ ಸುಕ್ಕಿನಲ್ಲೇ ನೂಲು ಕೂರುತ್ತದೆ. 4 ಇಂಚಿನ ಗಟ್ಟಿ ಲೋಹದ ಪೈಪ್ ಹಾಕಿ, ಜೋಡಣೆಗೆ ಫಾಯಿಲ್ ಟೇಪ್ ಸುತ್ತಿ, ಒಳಗೆ ಚಾಚಿಕೊಳ್ಳುವ ಉದ್ದ ಸ್ಕ್ರೂ ಬೇಡ. ಕಟ್ಟಡದ ಕೋಡ್ (ನಿಯಮ) ಪ್ರಕಾರ ಪೈಪಿನ ಉದ್ದಕ್ಕೆ ಸಾಮಾನ್ಯವಾಗಿ 35 ಅಡಿ ಮಿತಿ, ಮಾಮೂಲಿ 90 ಡಿಗ್ರಿ ತಿರುವು ಒಂದೊಂದಕ್ಕೂ 5 ಅಡಿ ಕಳೆಯಬೇಕು. ಹಕ್ಕಿ ಬರಬಾರದು ಅಂತ ಹೊರಬಾಯಿಗೆ ಜಾಲರಿ ಕಟ್ಟಿದ್ದರೆ ಅದನ್ನೂ ಕೀಳಿ.

ಹೇಮಾವತಿ_ದಡ

ಕಾಯಿಲ್ ಹಾಕಿದೆ! ಗ್ಯಾಸ್ ಪೈಪ್ ಮುಟ್ಟುವ ಅಗತ್ಯವೇ ಬರಲಿಲ್ಲ. ಮತ್ತೆ ಕೂತು ನೋಡಿದೆ, ಆರಿದ ಮೇಲೆ ಪ್ರತಿ ಸಲವೂ ಉರಿ ಹತ್ತುತ್ತಿದೆ, ಜೀನ್ಸಿನ ಜೇಬೂ ಒಣಗಿದೆ. ತುಂಬಾ ಥ್ಯಾಂಕ್ಸ್. ಶಿಕಾಗೊ ಅವರೇ, ಹೊರಗೆ ಜಾಲರಿ ಇತ್ತು, ಅದರ ತುಂಬ ಒದ್ದೆ ನೂಲು ಕಂಬಳಿಯ ಹಾಗೆ ಅಂಟಿತ್ತು, ಕಿತ್ತು ತೆಗೆದೆ. ವೆಂಟ್ ಪೈಪೂ ನೀವು ಹೇಳಿದ ಬೆಳ್ಳಿ ಹಾಳೆಯದೇ. ಗಟ್ಟಿ ಪೈಪ್ ತಂದಿದ್ದೇನೆ, ಅದನ್ನು ಹಾಕುವವರೆಗೆ ಡ್ರೈಯರ್ ಹಾಕಿ ಯಾರೂ ಮನೆ ಬಿಟ್ಟು ಹೋಗುವ ಹಾಗಿಲ್ಲ, ಮಲಗುವ ಹಾಗೂ ಇಲ್ಲ ಅಂತ ಮನೆಯಲ್ಲಿ ಹೇಳಿದ್ದೇನೆ.