ಬಂಡಿ ಇದ್ದ ಜಾಗಕ್ಕೆ ಗಾಡಿ ಹೇಗೆ ಬಂತು?

ದಾವಣಗೆರೆಯಲ್ಲಿ ಯಾರಾದರೂ "ಗಾಡಿ ಎಲ್ಲಿ ನಿಲ್ಸಿದ್ದೀಯ?" ಅಂದರೆ ಬೈಕೋ ಸ್ಕೂಟರೋ ಅಂತಲೇ ಅರ್ಥ. ಬಸ್ ಸ್ಟ್ಯಾಂಡಿನಲ್ಲಿ "ಜಗಳೂರು ಗಾಡಿ ಹೋಯ್ತಾ?" ಅಂದರೆ ಬಸ್ಸು. ರೈಲ್ವೆ ಸ್ಟೇಷನ್ನಿನ ಮೈಕಿನಲ್ಲಿ "ಗಾಡಿ ಸಂಖ್ಯೆ" ಅಂದರೆ ರೈಲು. ಸಂಜೆ ಮಂಡಕ್ಕಿ, ಮೆಣಸಿನಕಾಯಿ ಮಾರುವ ಗಾಡಿಯಂತೂ ವರ್ಷಗಟ್ಟಲೆ ನಿಂತಲ್ಲೇ ನಿಂತಿರುತ್ತದೆ. ಆದರೂ ಅದು ಗಾಡಿಯೇ.

ಬಂಡಿ ಮಾತ್ರ ಹೊಲದ ಕಡೆ ಸರಿದುಬಿಟ್ಟಿದೆ. "ನಾಲ್ಕು ಬಂಡಿ ಗೊಬ್ಬರ", "ಬಂಡಿ ಜಾಡು", ಇಂಥ ಕಡೆ ಉಳಿದಿದೆ. ಎತ್ತು ಕಟ್ಟಿದ್ದಕ್ಕೂ ಈಗ ಎತ್ತಿನಗಾಡಿ ಅನ್ನುವವರೇ ಜಾಸ್ತಿ. ಹರಿಹರದ ಹೊಳೆ ದಾಟಿ ರಾಣೆಬೆನ್ನೂರಿನ ದಿಕ್ಕಿಗೆ ಹೋದರೆ ಚಕ್ಕಡಿ ಶುರು. ಅದನ್ನು ಚಕ್ರದಿಂದ ಬಂದದ್ದು ಅನ್ನುವವರಿದ್ದಾರೆ. ನನಗೆ ಹಿಂದಿಯ ಛಕಡಾ, ಅದರ ಹಿಂದಿನ ಶಕಟ ಹತ್ತಿರ ಕಾಣುತ್ತದೆ. ಅದು ಇನ್ನೊಂದು ದಿನಕ್ಕಿರಲಿ.

ಬಂಡಿ ನಮ್ಮ ನುಡಿಯಲ್ಲಿ ಹಳೆಯದು. ತಮಿಳಿನಲ್ಲಿ ವಣ್ಡಿ, ತೆಲುಗಿನಲ್ಲಿ ಬಂಡಿ. ತಮಿಳಿನ ವೇರ್ ನಮ್ಮಲ್ಲಿ ಬೇರು, ವಿಲ್ ನಮ್ಮಲ್ಲಿ ಬಿಲ್ಲು ಆಗುತ್ತದಲ್ಲ, ಇದೂ ಅದೇ ಸಾಲಿನದು. ದೇವರ ದಾಸಿಮಯ್ಯನ ವಚನದಲ್ಲಿ "ಕಡೆಗೀಲು ಬಂಡಿಗಾಧಾರ" ಅಂತ ಬರುತ್ತದೆ. ಕಡೆಗೀಲು ಅಂದರೆ ಗಾಲಿ ಕಳಚಿ ಬೀಳದ ಹಾಗೆ ಅಚ್ಚಿನ ತುದಿಗೆ ಹಾಕುವ ಮೊಳೆ.

ಗಾಡಿ ಬಂದದ್ದು ಉತ್ತರದಿಂದ. ಪ್ರಾಕೃತದಲ್ಲಿ ಗಡ್ಡೀ. ಪಂಜಾಬಿಯವರು ಇವತ್ತಿಗೂ ಹಾಗೇ ಒತ್ತಿ ಗಡ್ಡೀ ಅನ್ನುತ್ತಾರೆ. ಹಿಂದಿ, ಮರಾಠಿಯಲ್ಲಿ ಒತ್ತಕ್ಷರ ಬಿಟ್ಟುಹೋಗಿ, ಅದರ ಹಿಂದಿನ ಅಕ್ಷರ ಉದ್ದವಾಯಿತು. ಕೈಗೆ ಪ್ರಾಕೃತದಲ್ಲಿ ಹತ್ಥ, ಪಂಜಾಬಿಯಲ್ಲಿ ಹತ್ಥ್, ಹಿಂದಿಯಲ್ಲಿ ಹಾಥ್ ಆದ ಹಾಗೆ. ನಮಗೆ ಸಿಕ್ಕಿರುವುದು ಈ ಉದ್ದದ ರೂಪ.

ತಮಾಷೆ ಅಂದರೆ, ಹಳಗನ್ನಡದಲ್ಲೂ ಒಂದು ಗಾಡಿ ಇದೆ. ಅದಕ್ಕೆ ಗಾಲಿಯಿಲ್ಲ! ಸೊಬಗು, ಚೆಲುವು, ಬೆಡಗು ಅಂತ ಅದರ ಅರ್ಥ. ಗಾಡಿಕಾರ ಅಂದರೆ ಸೊಗಸುಗಾರ, ಗಾಡಿಕಾತಿ ಅಂದರೆ ಚೆಲುವೆ. ಹಳೆಯ ಕಾವ್ಯದ ಗಾಡಿಕಾರನನ್ನು ಗಾಡಿ ಹೊಡೆಯುವವನು ಅಂತ ಓದಿದರೆ ಪದ್ಯವೆಲ್ಲ ಕೆಟ್ಟುಹೋಗುತ್ತದೆ. ಸೊಗಸಾದ ವಾಹನವಾದ್ದರಿಂದ ಗಾಡಿ ಅಂದರು ಅನ್ನುವ ವಿವರಣೆಯನ್ನು ನಾನು ಒಪ್ಪುವುದಿಲ್ಲ. ಎರಡೂ ಬೇರೆ ಬೇರೆ ಪದ, ಸುಮ್ನೆ ಒಂದೇ ಥರ ಕೇಳಿಸುತ್ತವೆ ಅಷ್ಟೆ.

ಇನ್ನು ನನ್ನ ಪ್ರಶ್ನೆ. ನಮ್ಮ ಕಡೆ ಗಾಡಿ ಇಷ್ಟು ಗಟ್ಟಿಯಾಗಿ ನೆಲೆ ನಿಂತದ್ದು ಹೇಗೆ? ಮರಾಠಿ, ದಖ್ಖನಿ ಉರ್ದುವಿನ ಸಹವಾಸದಿಂದ ಅಂತ ನನ್ನ ಊಹೆ. ಹೈದರಾಲಿ ದಾವಣಗೆರೆಯನ್ನು ಅಪೋಜಿ ರಾಮ ಎಂಬ ಮರಾಠ ಮುಖಂಡನಿಗೆ ಜಹಗೀರು ಕೊಟ್ಟಿದ್ದ. ಅವನು ವ್ಯಾಪಾರಿಗಳನ್ನು ಕರೆದು ಕೂರಿಸಿದ್ದರಿಂದ ಊರು ಪೇಟೆಯಾಗಿ ಬೆಳೆಯಿತು. ಆಮೇಲೆ ರೈಲು, ಲಾರಿ, ಗ್ಯಾರೇಜು ಬಂದವು. ಮೆಕ್ಯಾನಿಕ್ಕುಗಳ ಬಾಯಲ್ಲಿ ಉರ್ದು ಮಾತು ಹೆಚ್ಚು. ಮೋಟಾರು ಕಟ್ಟಿದ್ದಕ್ಕೆಲ್ಲ ಗಾಡಿ, ಎತ್ತು ಕಟ್ಟಿದ್ದಕ್ಕೆ ಬಂಡಿ ಅಂತ ಪಾಲಾಗಿ, ಕೊನೆಗೆ ಗಾಡಿ ಎತ್ತನ್ನೂ ಕಿತ್ತುಕೊಂಡಿರಬಹುದು.

ಆದರೆ ಇಲ್ಲೊಂದು ತೊಡಕಿದೆ. ಉರ್ದುವಿನ ಒಡನಾಟ ನಮಗಿಂತ ಜಾಸ್ತಿ ಇದ್ದದ್ದು ತೆಲಂಗಾಣದ ತೆಲುಗಿಗೆ. ಅವರು ಇವತ್ತಿಗೂ ಬೈಕಿಗೆ, ಕಾರಿಗೆ ಬಂಡಿ ಅಂತಾರೆ. ತಮಿಳರೂ ವಣ್ಡಿಯನ್ನು ಹಾಗೇ ಬಳಸುತ್ತಾರೆ. ಬಂಡಿಗೆ ಮೋಟಾರು ಕಟ್ಟಲು ಅವರಿಗೆ ಅಡ್ಡಿಯಾಗಲಿಲ್ಲ, ನಮಗೇಕಾಯಿತು?

ಚಳ್ಳಕೆರೆ, ಮೊಳಕಾಲ್ಮುರು ಕಡೆ ಮನೆಯಲ್ಲಿ ತೆಲುಗು, ಹೊರಗೆ ಕನ್ನಡ ಆಡುವವರು ಬಹಳ. ಆ ಕಡೆಯವರು ಯಾರಾದರೂ ಹೇಳಿ: ತೆಲುಗಿನಲ್ಲಿ ಬೈಕಿಗೆ ಬಂಡಿ ಅಂದವರು, ಅದೇ ಬಾಯಲ್ಲಿ ಕನ್ನಡಕ್ಕೆ ಬಂದಾಗ ಗಾಡಿ ಅಂತೀರಾ? ಕಡೆಗೀಲಿಗೆ ನಿಮ್ಮೂರಲ್ಲಿ ಈಗ ಏನಂತಾರೆ, ಅದನ್ನೂ ಬರೆಯಿರಿ.